ಹರಾಜಿನಲ್ಲಿ ಸಿಕ್ಕ ಹುರುಳಿ ಮಡಕೆ

ನಮ್ಮ ಕಡೆ ಸಾವಾದ ಮನೆಯ ಅಡಿಗೆಕೋಣೆಯಲ್ಲಿ ಮಣ್ಣಿನ ಪಾತ್ರೆ ಉಳಿಯಬಾರದು. ಸ್ಟೀಲು, ಹಿತ್ತಾಳೆ, ಅಲ್ಯೂಮಿನಿಯಂ ಏನಿದ್ದರೂ ಹುಣಸೆಹುಳಿ ಹಚ್ಚಿ ತಿಕ್ಕಿ ತೊಳೆದರೆ ಆಯಿತು, ಮೈಲಿಗೆ ಹೋಯಿತು. ಮಣ್ಣಿನದ್ದು ಹಾಗಲ್ಲ. ಬೇಯಿಸಿದ್ದನ್ನೆಲ್ಲ ಅದು ಒಳಗೆ ಎಳೆದುಕೊಳ್ಳುತ್ತದೆ, ತೊಳೆದರೂ ಬಿಡುವುದಿಲ್ಲ. ಅದಕ್ಕೇ ಶುದ್ಧದ ದಿನ ಅದನ್ನು ಮನೆಯಿಂದ ಹೊರಗೆ ಹಾಕಬೇಕು. ನನ್ನ ಹೆಂಡತಿ ತೀರಿಕೊಂಡಾಗ ಅವಳ ಮೀನು ಸಾರಿನ ಮಡಕೆ, ಗಂಜಿಯ ಮಡಕೆ, ರೊಟ್ಟಿ ಸುಡುವ ಓಡು ಎಲ್ಲವನ್ನೂ ನನ್ನ ಅಕ್ಕ ಒಂದು ಬುಟ್ಟಿಗೆ ತುಂಬಿ ನನ್ನ ಕೈಗೆ ಕೊಟ್ಟಳು. ನಾನೇ ಹೊತ್ತುಕೊಂಡು ಹೋಗಿ ಹೊಳೆಬದಿಯಲ್ಲಿ ಹಾಕಿ ಬಂದೆ.

ಒಂದು ಮಡಕೆ ಮಾತ್ರ ತಪ್ಪಿಸಿಕೊಂಡಿತು. ಅದು ಸೌದಿಯಲ್ಲಿ, ಜುಬೈಲಿನ ನನ್ನ ಫ್ಲ್ಯಾಟಿನ ಅಡಿಗೆಕೋಣೆಯ ಕಪಾಟಿನ ಮೇಲಿತ್ತು. ನಮ್ಮ ಊರಿನ ಯಾವ ಕುಂಬಾರನೂ ಅದನ್ನು ಮಾಡಿದ್ದಲ್ಲ. ಅದು ಮೆಕ್ಸಿಕೋ ದೇಶದ್ದು.

ಅದು ನಮ್ಮ ಮನೆಗೆ ಬಂದದ್ದು ಹೆಂಡತಿ ನನ್ನ ಜೊತೆ ಇಲ್ಲೇ ಇದ್ದ ಕಾಲದಲ್ಲಿ. ಶುಕ್ರವಾರ ರಜೆ. ಬೇರೆಯವರ ಹೆಂಡತಿಯರು ಮಾಲ್‌ಗೆ ಹೋಗೋಣ ಎನ್ನುತ್ತಿದ್ದರು, ನನ್ನವಳಿಗೆ ಹರಾಜೇ ಆಗಬೇಕು. ಹಳೆ ಸಾಮಾನಿನ ಸಂತೆಗೆ ಇಲ್ಲಿಯ ಅರಬಿಯಲ್ಲಿ ಹರಾಜ್ ಅಂತಲೇ ಹೆಸರು. ಕೂಗುವವರಿಲ್ಲ, ಸವಾಲಿಲ್ಲ, ಸುಮ್ಮನೆ ನೆಲದ ಮೇಲೆ ಚಾದರ ಹಾಸಿ ಸಾಮಾನು ಹರಡಿರುತ್ತಾರೆ. ಫ್ರಿಜ್ಜು, ಮಗುವಿನ ತೊಟ್ಟಿಲು, ಒಂದು ಕಾಲಿಲ್ಲದ ಸೋಫಾ, ಯಾರದೋ ಮದುವೆಯ ಗಾಜಿನ ಸೆಟ್ಟು. ಅಲ್ಲಿಗೆ ಬರುವುದೆಲ್ಲ ದೇಶ ಬಿಟ್ಟು ಹೊರಟವರ ಸಾಮಾನು. ವಿಮಾನದಲ್ಲಿ ಒಯ್ಯಲಾಗದ್ದನ್ನು ಪಿಕಪ್‌ನವನಿಗೆ ಕೊಟ್ಟು ಹೋಗಿರುತ್ತಾರೆ. ನನಗೆ ಆ ಜಾಗ ಕಂಡರೆ ಆಗುತ್ತಿರಲಿಲ್ಲ. ನಮ್ಮ ಮಂಚವೂ ಒಂದು ದಿನ ಇಲ್ಲೇ ಬಂದು ಬೀಳುತ್ತದೆ ಅಂತ ಅನಿಸುತ್ತಿತ್ತು. ಅವಳಿಗೆ ಅದೆಲ್ಲ ಇಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಕಪ್ಪು ಅಬಾಯ ಹಾಕಿಕೊಂಡು, ನಮ್ಮ ಕಡೆಯ ಮೀನು ಮಾರ್ಕೆಟ್ಟಿಗೆ ಹೊಕ್ಕವರ ಹಾಗೆ ಹೊಕ್ಕುಬಿಡುತ್ತಿದ್ದಳು.

"ಹ್ವಾಯ್, ಇಲ್ ಕಾಣಿ" ಎಂದು ಆ ದಿನ ಕೂಗಿದಳು.

ಹಾಳಾದ ಮೈಕ್ರೋವೇವ್ ಮತ್ತು ಗಾಲ್ಫ್ ಆಡುವ ಕೋಲುಗಳ ಚೀಲದ ನಡುವೆ ಒಂದು ಮಡಕೆ ಕೂತಿತ್ತು. ಇಟ್ಟಿಗೆ ಕೆಂಪು. ಹೊಟ್ಟೆ ದಪ್ಪ, ಕತ್ತು ಸಣ್ಣ, ಕತ್ತಿನ ಎರಡು ಬದಿಯಲ್ಲಿ ಎರಡು ಪುಟ್ಟ ಕಿವಿ. ಮೈಯನ್ನು ನುಣುಪು ಕಲ್ಲಿನಿಂದ ಉಜ್ಜಿ ಮಿರುಗಿಸಿದ್ದರು. ಹೊಟ್ಟೆಯ ಸುತ್ತ ಬಿಳಿ ಬಣ್ಣದಲ್ಲಿ ಹೂಬಳ್ಳಿ, ಬಳ್ಳಿಯ ನಡುವೆ ಒಂದು ಹಕ್ಕಿ. ತಳ ಮಾತ್ರ ಮಸಿ ಹಿಡಿದು ಕಪ್ಪಾಗಿತ್ತು. ಮಾರುವವನು ಯೆಮೆನ್‌ನ ಮುದುಕ, "ಅಮ್ರೀಕಿ, ಅಮ್ರೀಕಿ" ಎಂದ. ಅಮೆರಿಕದವರು ವಾಸವಿರುವ ಕಾಂಪೌಂಡಿನಿಂದ ಬಂದ ಮಾಲು ಎನ್ನುವುದು ಅವನ ಹೆಚ್ಚುಗಾರಿಕೆ.

"ಯಾವ ಅಮೆರಿಕದರ್ ಮಾರಾಯ್ರೆ ಇಷ್ಟ್ ಮಸಿ ಹಿಡಿವಷ್ಟ್ ಬೇಯ್ಸ್ತ್ರ್? ಇದ್ ಒಲಿ ಮೇಲ್ ಕೂತ ಮಡ್ಕಿ" ಎಂದಳು ಅವಳು. ಬೆರಳಿನ ಗೆಣ್ಣಿನಿಂದ ಹೊಟ್ಟೆಗೆ ಕುಟ್ಟಿದಳು. ಣಣ್ ಎಂದಿತು. ಇನ್ನೊಂದು ಕಡೆ ಕುಟ್ಟಿದಳು, ಅಲ್ಲೂ ಣಣ್. ಬೆರಳಿಗೆ ಎಂಜಲು ಹಚ್ಚಿ ಒಳಗೆ ಒತ್ತಿದಳು, ಮಣ್ಣು ಅದನ್ನು ಕುಡಿಯಿತು. ನನಗೆ ನಾಚಿಕೆಯಾಗಿ ಆಚೆ ತಿರುಗಿದೆ. ಬಾಯಿಗೆ ಬಂದ ಬೆಲೆ ಅವನು ಹೇಳಿ, ಅವಳು ಕೇಳಿ, ನಾವು ಎರಡು ಸಲ ಎದ್ದು ಹೊರಟು, ಅವನು ಎರಡು ಸಲ ಕರೆದು, ಕೊನೆಗೆ ಮಡಕೆ ಅವಳ ತೊಡೆಯ ಮೇಲೆ ಕೂತು ನಮ್ಮ ಕಾರಿನಲ್ಲಿ ಬಂತು. ದಾರಿಯುದ್ದಕ್ಕೂ ಅವಳು ಅದರ ಕಿವಿ ಹಿಡಿದುಕೊಂಡೇ ಇದ್ದಳು.

ಯಾರದೋ ಎಂಜಲು ಮಡಕೆ ಎಂದು ನಾನು ಗೊಣಗಿದೆ. ಅದಕ್ಕೂ ಅವಳ ಹತ್ತಿರ ಉಪಾಯವಿತ್ತು. ಹೊಸ ಮಡಕೆಯಾಗಲಿ ಹಳೆಯದಾಗಲಿ, ಒಲೆಗೆ ಏರಿಸುವ ಮುಂಚೆ ಅದನ್ನು ಪಳಗಿಸಬೇಕು. ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿಟ್ಟಳು, ಒಣಗಿಸಿ ತೆಂಗಿನೆಣ್ಣೆ ಕುಡಿಸಿದಳು, ಆಮೇಲೆ ಕುಚ್ಚಲಕ್ಕಿ ಹಾಕಿ ಸಣ್ಣ ಬೆಂಕಿಯಲ್ಲಿ ದಪ್ಪ ಗಂಜಿ ಬೇಯಿಸಿದಳು. ಗ್ಯಾಸಿನ ಬೆಂಕಿ ನೇರ ತಾಗದಿರಲಿ ಎಂದು ಕೆಳಗೆ ಒಂದು ಹಳೆ ಕಾವಲಿ. ಗಂಜಿ ಒಳ್ಳೆ ಬೆಂದಿತ್ತು. ನಾನು ತಟ್ಟೆ ತೆಗೆದುಕೊಂಡು ಹೋದರೆ ಕೈ ಮೇಲೆ ಹೊಡೆದಳು.

"ಈ ಗಂಜಿ ಉಂಬುಕಾಗ. ಇದ್ ಮಡ್ಕಿಗ್ ಹಾಕಿದ್, ನಮ್ಗಲ್ಲ. ಹಿಂದೆ ಯಾರ್ ಎಂತ ಬೇಯ್ಸಿದ್ರೋ, ಅದೆಲ್ಲ ಇದ್ರಾಗೆ ಬತ್ತ್."

ಬಿಲ್ಡಿಂಗಿನ ಹಿಂದೆ ಒಂದು ಬೇವಿನ ಮರವಿತ್ತು, ನೀರಿಲ್ಲದೆ ಬದುಕಿದ್ದ ಮರ. ಅದರ ಬುಡಕ್ಕೆ ಆ ಗಂಜಿ ಚೆಲ್ಲಿ ಬಂದಳು. ಅಲ್ಲಿಗೆ ಯಾರೋ ಗುರುತಿಲ್ಲದ ಹೆಂಗಸಿನ ಎಷ್ಟೋ ವರ್ಷದ ಅಡಿಗೆ ಮಣ್ಣು ಪಾಲಾಯಿತು. ಆಗ ನನಗೆ ಹಾಗೆಲ್ಲ ಹೊಳೆಯಲಿಲ್ಲ, ಹಸಿವಾಗಿತ್ತು ಅಷ್ಟೆ.

ಮರುದಿನ ಅದರಲ್ಲಿ ಬಂಗುಡೆ ಸಾರು ಮಾಡಿದಳು. ಕತ್ತು ಸಣ್ಣದಾದ್ದರಿಂದ ಸೌಟು ಒಳಗೆ ತಿರುಗಲಿಲ್ಲ. ಮೀನೆಲ್ಲ ಪುಡಿಯಾಗಿ, ಮುಳ್ಳು ಸಾರಿನಲ್ಲಿ ಬೆರೆತು, ಊಟ ಮಾಡುವಾಗ ನಾನು ಬಾಯಿಯಿಂದ ಮುಳ್ಳು ಹೆಕ್ಕುತ್ತಾ ಅವಳ ಮುಖ ನೋಡಿದೆ. "ಇದ್ ಮೀನಿನ್ ಮಡ್ಕಿ ಅಲ್ಲ. ನಂಗ್ ಮೊದ್ಲೇ ಅನ್ಸಿತ್ತ್" ಎಂದಳು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಇನ್ನೊಂದು ಸಲ ಗಂಜಿ ಬೇಯಿಸಿ ಮೀನಿನ ವಾಸನೆ ತೆಗೆದು, ಆ ಮೇಲೆ ಹುರುಳಿ ಹಾಕಿದಳು.

ಹುರುಳಿ ಅದಕ್ಕೆ ಒಗ್ಗಿತು. ದಪ್ಪ ಹೊಟ್ಟೆಯಲ್ಲಿ ಕಾವು ನಿಂತು, ಸಣ್ಣ ಬಾಯಿಯಿಂದ ನೀರು ಆರದೆ, ಕಾಳು ಬೆಣ್ಣೆಯ ಹಾಗೆ ಬೇಯುತ್ತಿತ್ತು. ಶುಕ್ರವಾರ ಬೆಳಿಗ್ಗೆ ಒಲೆಗೆ ಏರಿಸಿದರೆ ಮಧ್ಯಾಹ್ನದ ಊಟಕ್ಕೆ ಇಳಿಸುವುದು. ಕಟ್ಟು ಬಸಿದು, ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು ಒಗ್ಗರಣೆ ಹಾಕಿದಳೆಂದರೆ ಮೆಟ್ಟಿಲವರೆಗೂ ವಾಸನೆ. ಕುದುರೆ ತಿನ್ನುವುದನ್ನು ಗಂಡನಿಗೆ ಹಾಕುತ್ತೀಯಲ್ಲ ಎಂದು ನಾನು ತಮಾಷೆ ಮಾಡಿದರೆ, ಕುದುರೆಯಾದರೆ ಉಂಡ ಮೇಲೆ ಕೆಲಸವಾದರೂ ಮಾಡುತ್ತಿತ್ತು ಎನ್ನುತ್ತಿದ್ದಳು.

ಆ ಮಡಕೆಯ ಊರು ಗೊತ್ತಾದದ್ದು ನಾನು ಕೆಲಸ ಮಾಡುವ ಪ್ಲಾಂಟಿನಲ್ಲಿ. ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸಕ್ಕೆ ಬಂದಿದ್ದ ಒಬ್ಬ ಎಂಜಿನಿಯರ್ ಮೆಕ್ಸಿಕೋದವನು. ಕ್ಯಾಂಟೀನಿನಲ್ಲಿ ಎದುರು ಕೂತವನಿಗೆ ಸುಮ್ಮನೆ ಮೊಬೈಲಿನ ಫೋಟೋ ತೋರಿಸಿದೆ. ಅವನು ಊಟ ಬಿಟ್ಟು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದ. ತನ್ನ ಅಜ್ಜಿಯ ಮನೆಯಲ್ಲಿ ಇಂಥದ್ದೇ ಇತ್ತು, ಇದು ಅವರ ದೇಶದ ಹಳ್ಳಿಗಳಲ್ಲಿ ಹೆಂಗಸರೇ ಕೈಯಲ್ಲಿ ತಟ್ಟಿ ಮಾಡುವ ಮಡಕೆ, ಇದರಲ್ಲಿ ಕಾಳು ಬೇಯಿಸುತ್ತಾರೆ, ದಿನವಿಡೀ ಬೇಯಿಸುತ್ತಾರೆ, ಬೇರೆ ಏನನ್ನೂ ಹಾಕುವುದಿಲ್ಲ ಎಂದ. ಮನೆಗೆ ಬಂದು ಹೇಳಿದೆ. ಆಶ್ಚರ್ಯಪಡಲಿ ಅಂತ ನಾನು ಹೇಳಿದರೆ ಅವಳು ಆಶ್ಚರ್ಯವನ್ನೇ ಪಡಲಿಲ್ಲ.

"ಮಡ್ಕಿ ಕಂಡ್ರೆ ಗೊತ್ತಾತಿಲ್ಯಾ? ನಾ ಹೇಳ್ದೆ ಅಲ್ದಾ, ಇದ್ ಹುರ್ಳಿ ಮಡ್ಕಿ."

ಮೀನು ಪುಡಿಯಾದ ಕಥೆಯನ್ನು ನಾನು ನೆನಪಿಸಲಿಲ್ಲ. ಆ ರಾತ್ರಿಯಿಡೀ ಅವಳಿಗೆ ಖುಷಿಯೋ ಖುಷಿ.

ಆಮೇಲೆ ಸಂಸಾರ ಇಟ್ಟುಕೊಳ್ಳುವುದು ಕಷ್ಟವಾಗುವ ಕಾಲ ಬಂತು. ಹೆಂಡತಿ ಮಕ್ಕಳ ಇಕಾಮಾಕ್ಕೆ, ಅಂದರೆ ಇಲ್ಲಿ ಇರುವ ಪರವಾನಗಿಗೆ, ಶುಲ್ಕ ಏರಿತು, ಮಗಳ ಕಾಲೇಜೂ ಊರಿನಲ್ಲೇ ಆಗಬೇಕಿತ್ತು. ನಮ್ಮ ಬಿಲ್ಡಿಂಗಿನಲ್ಲಿ ಒಂದೊಂದೇ ಮನೆ ಖಾಲಿಯಾಗುತ್ತಿತ್ತು. ಗಂಡಸರು ಉಳಿದರು, ಸಂಸಾರಗಳು ಹೋದವು. ಅವಳು ಕುಂದಾಪುರದ ಹತ್ತಿರದ ನಮ್ಮ ಮನೆಗೆ ಹೊರಟಳು. ಮಂಚ ನಾನು ಹೆದರಿದ ಹಾಗೆಯೇ ಹರಾಜಿಗೆ ಹೋಯಿತು. ಮಡಕೆಯನ್ನು ಸೂಟ್‌ಕೇಸಿನಲ್ಲಿ ಇಟ್ಟು, ಸೀರೆ ಸುತ್ತಿ, ಮತ್ತೆ ತೆಗೆದಳು. "ಬ್ಯಾಡ, ಸಾಮಾನ್ ಎಸಿತ್ರ್, ಒಡಿತ್ತ್. ನೀವ್ ಬಪ್ಪತಿಗೆ ಕೈಯಾಗೆ ಹಿಡ್ಕಂಡ್ ಬನ್ನಿ. ಅಲ್ಲಿವರಿಗೂ ಖಾಲಿ ಇಡ್ಬೇಡಿ ಮಾರಾಯ್ರೆ, ಒಂದ್ ಗಂಜಿ ಆದ್ರೂ ಬೇಯ್ಸಿ" ಎಂದಳು. ನಾನು ಮೆಸ್ಸಿನಲ್ಲಿ ಉಣ್ಣುವ ಮನುಷ್ಯ. ಮಡಕೆಯನ್ನು ಕಪಾಟಿನ ಮೇಲಿಟ್ಟು ಬಾಯಿಗೆ ಒಂದು ತಟ್ಟೆ ಮುಚ್ಚಿದೆ. ನಂತರದ ಎರಡು ರಜೆಯಲ್ಲೂ ಅದನ್ನು ಒಯ್ಯಲಿಲ್ಲ. ಮುಂದಿನ ಸಲ ಎನ್ನುವುದು ಗಲ್ಫಿನವನ ಬಾಯಿಯಲ್ಲಿ ಯಾವಾಗಲೂ ಇರುವ ಮಾತು.

ಅವಳು ಹೋದದ್ದು ಹಠಾತ್ತನೆ. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ತಲೆ ಹಿಡಿದುಕೊಂಡು ಕೂತಳಂತೆ, ಮಣಿಪಾಲಕ್ಕೆ ಒಯ್ಯುವಷ್ಟರಲ್ಲಿ ಪ್ರಜ್ಞೆಯಿಲ್ಲ. ನಾನು ಕಂಪೆನಿಯಿಂದ ಹೊರಡುವ ಕಾಗದ ಮಾಡಿಸಿಕೊಂಡು, ದಮ್ಮಾಮಿನಿಂದ ಮಂಗಳೂರಿಗೆ ಇಳಿದು, ಮನೆ ತಲುಪುವಾಗ ಅವಳನ್ನು ಜಗಲಿಯಲ್ಲಿ ಮಲಗಿಸಿ ನನಗಾಗಿ ಕಾಯುತ್ತಿದ್ದರು. ಮಗಳು ಅಳುತ್ತಿರಲಿಲ್ಲ, ಬಂದವರಿಗೆಲ್ಲ ನೀರು ಕೊಡುತ್ತಿದ್ದಳು. ಅದನ್ನು ನೋಡಿ ನಾನು ಅತ್ತೆ.

ಶುದ್ಧದ ದಿನದ ಬುಟ್ಟಿಯ ವಿಷಯ ಆಗಲೇ ಹೇಳಿದೆ. ಹೊಳೆಬದಿಯಲ್ಲಿ ಅವನ್ನು ಮೆಲ್ಲಗೆ ಇಟ್ಟು ಬರಬಹುದಿತ್ತು. ನಾನು ಎಸೆದೆ. ಯಾರ ಮೇಲೆ ಸಿಟ್ಟು ಎಂದು ತಿಳಿಯದೆ ಒಂದೊಂದನ್ನೇ ಎತ್ತಿ ಕಲ್ಲಿಗೆ ಎಸೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ನಿಮಿಷವೂ ಆಗಲಿಲ್ಲ. ತಿರುಗಿ ಬರುವಾಗ ಕೈಯಲ್ಲಿ ಮೀನು ಸಾರಿನ ವಾಸನೆಯಿತ್ತು. ಸೋಪು ಹಾಕಿ ತೊಳೆದುಕೊಂಡೆ. ಅದನ್ನು ಯಾಕೆ ತೊಳೆದುಕೊಂಡೆನೋ ಎಂದು ಇವತ್ತಿಗೂ ಹಳಹಳಿಸುತ್ತೇನೆ.

ಜುಬೈಲಿಗೆ ವಾಪಸು ಬಂದ ದಿನ ಬಾಗಿಲು ತೆಗೆದು, ಏಸಿ ಹಾಕಿ, ಏನು ಮಾಡುವುದೆಂದು ತೋಚದೆ ಅಡಿಗೆಕೋಣೆಗೆ ಹೋದೆ. ಮೇಲೆ ಮಡಕೆ ಕಂಡಿತು. ಇಳಿಸಿದೆ, ಮುಚ್ಚಿದ್ದ ತಟ್ಟೆ ತೆಗೆದೆ, ಯಾಕೆಂದು ಗೊತ್ತಿಲ್ಲ, ಬಾಯಿಗೆ ಮೂಗು ಇಟ್ಟೆ. ಹುರುಳಿ. ಬೆಳ್ಳುಳ್ಳಿ. ಸ್ವಲ್ಪ ಸೀದ ತೆಂಗಿನೆಣ್ಣೆ. ಅವಳ ಶುಕ್ರವಾರ ಹಾಗೇ ಕೂತಿತ್ತು. ನಾನು ಅಡಿಗೆಕೋಣೆಯ ನೆಲದ ಮೇಲೆ ಕೂತು, ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕಿವಿ ಹಿಡಿದುಕೊಂಡು ಬಹಳ ಹೊತ್ತು ಇದ್ದೆ.

ಫೋಟೋಗಳಿವೆ. ಫೋಟೋದಲ್ಲಿ ಅವಳು ಹಲ್ಲು ಕಾಣದ ಹಾಗೆ ನಗುತ್ತಾಳೆ, ಅವಳು ಹಾಗೆ ನಗುವವಳೇ ಅಲ್ಲ. ಮೊಬೈಲಿನಲ್ಲಿ ಅವಳ ದನಿಯೂ ಇದೆ: ಗ್ಯಾಸು ಬಂತು, ಕರೆಂಟು ಹೋಯಿತು, ಮಗಳಿಗೆ ಜ್ವರ ಬಿಟ್ಟಿತು. ಅವೆಲ್ಲ ಅವಳು ದೂರ ಇದ್ದಾಗಿನವು. ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಒಲೆಯ ಹತ್ತಿರ ಇದ್ದದ್ದಕ್ಕೆ ನನ್ನ ಹತ್ತಿರ ಉಳಿದದ್ದು ಈ ಮಡಕೆಯ ಒಳಗಿನ ವಾಸನೆ ಒಂದೇ.

ಮಗಳ ಹತ್ತಿರ ಮಾತಿನ ನಡುವೆ ಮಡಕೆಯ ವಿಷಯ ಹೇಳಿಬಿಟ್ಟೆ. ಅವಳು ಅತ್ತೆಗೆ, ಅಂದರೆ ನನ್ನ ಅಕ್ಕನಿಗೆ, ಹೇಳಿದಳು. ಮುಂದಿನ ಶುಕ್ರವಾರ ಅಕ್ಕನ ಫೋನು.

"ತಮ್ಮಾ, ಅಲ್ಲೂ ಅವ್ಳದ್ದೊಂದ್ ಮಡ್ಕಿ ಇತ್ತಂಬ್ರಲ್ಲ? ಅದನ್ನೂ ಹೊರ್ಗ್ ಹಾಕ್."

"ಅದ್ ಮೆಕ್ಸಿಕೋದ್ ಅಕ್ಕ. ಅದ್ಕೆ ನಮ್ ಸೂತ್ಕ ಎಲ್ಲಿಂದ?"

"ಸೂತ್ಕಕ್ಕೆ ಎಂತ ಪಾಸ್‌ಪೋರ್ಟ್ ಬೇಕಾ? ಅವ್ಳ್ ಬೇಯ್ಸಿದ್ ಹೌದಲ್ದಾ? ಮಣ್ಣಿನದ್ ತೊಳ್ದ್ರೆ ಶುದ್ಧ ಆತಿಲ್ಲ."

"ಶುದ್ಧ ಆಪ್ದ್ ಬ್ಯಾಡ. ನಾ ತೊಳಿತ್ತೂ ಇಲ್ಲ."

ಅಕ್ಕ ನನಗಿಂತ ದೊಡ್ಡವಳು, ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು. ಅವಳಿಗೆ ನಾನು ಎದುರು ಮಾತಾಡಿದ್ದು ಕಡಿಮೆ. ಆದರೂ ಅವಳು ಬಿಡಲಿಲ್ಲ. ಪ್ರತಿ ಶುಕ್ರವಾರ ಊಟ ಆಯಿತಾ ಎನ್ನುವ ಮಾತಿನ ಹಿಂದೆ "ಮಡ್ಕಿ ಎಂತ ಮಾಡ್ದೆ?" ಎನ್ನುವುದು ಇದ್ದೇ ಇರುತ್ತಿತ್ತು. ಸತ್ತವರನ್ನು ಹೀಗೆ ಹಿಡಿದು ಕೂರಿಸಿದರೆ ಅವರಿಗೂ ದಾರಿಯಿಲ್ಲ, ನಿನಗೂ ಇಲ್ಲ ಎಂದು ಒಮ್ಮೆ ಅತ್ತಳು. ನಾನು ಫೋನ್ ಇಟ್ಟುಬಿಟ್ಟೆ.

ಅಷ್ಟರಲ್ಲಿ ನನಗೆ ಬೇರೆಯೇ ಹೆದರಿಕೆ ಹತ್ತಿತ್ತು. ವಾಸನೆ ಕಡಿಮೆಯಾಗುತ್ತಿತ್ತು. ಮೊದಮೊದಲು ದಿನಾ ತೆಗೆದು ಮೂಸುತ್ತಿದ್ದವನು ಶುಕ್ರವಾರಕ್ಕೆ ಮಾತ್ರ ಎಂದು ಕಟ್ಟು ಮಾಡಿಕೊಂಡೆ. ಜಿಪುಣ ಅತ್ತರಿನ ಸೀಸೆ ತೆಗೆಯುವ ಹಾಗೆ ಒಂದು ಚೂರು ತಟ್ಟೆ ಸರಿಸಿ ಮುಚ್ಚುವುದು. ಬಾಯಿಗೆ ಬಟ್ಟೆ ಕಟ್ಟಿದೆ, ಮೇಲೆ ಪ್ಲಾಸ್ಟಿಕ್ ಕಟ್ಟಿದೆ. ಆದರೂ ಒಂದೊಂದು ಶುಕ್ರವಾರ ಒಂದೊಂದು ಪದರ ಹೋಗುತ್ತಿತ್ತು. ಬೆಳ್ಳುಳ್ಳಿ ಮೊದಲು ಹೋಯಿತು.

ಅದರಲ್ಲೇ ಹುರುಳಿ ಬೇಯಿಸಿದರೆ ವಾಸನೆ ಮತ್ತೆ ಬರಬಹುದು. ಆದರೆ ಅದು ನನ್ನ ಹುರುಳಿಯ ವಾಸನೆ. ನನ್ನ ಕೈಯ ಅಡಿಗೆ ಹೇಗೆಂದು ನನಗೆ ಗೊತ್ತು, ಉಪ್ಪು ಖಾರದ ಅಂದಾಜಿಲ್ಲದ್ದು. ಮಣ್ಣು ಹೊಸದನ್ನು ಎಳೆದುಕೊಂಡರೆ ಹಳೆಯದನ್ನು ಬಿಡುತ್ತದೆ. ಬೇಯಿಸಿದರೆ ಅವಳು ಹೋಗುತ್ತಾಳೆ, ಬೇಯಿಸದಿದ್ದರೆ ಒಣಗಿ ಹೋಗುತ್ತಾಳೆ. ಹೇಗಾದರೂ ಹೋಗುವುದೇ. ಎಷ್ಟು ದಿನ ತಡೆಯಬಹುದು ಎನ್ನುವುದಷ್ಟೇ ನನ್ನ ಕೈಯಲ್ಲಿದ್ದದ್ದು. ಪ್ಲಾಂಟಿನಿಂದ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆ ಚಿಮಣಿಗಳ ತುದಿಯ ಬೆಂಕಿ ನೋಡುತ್ತಾ ಇದನ್ನೇ ಯೋಚಿಸುತ್ತಿದ್ದೆ. ಐವತ್ತು ದಾಟಿದ ಗಂಡಸು ಒಂದು ಮಡಕೆಯ ವಾಸನೆಗಾಗಿ ಹೀಗೆ ಕೊರಗುವುದು ಯಾರಿಗಾದರೂ ಹೇಳುವ ವಿಷಯವೇ?

ಆ ಹೊತ್ತಿಗೆ ಫ್ಲ್ಯಾಟಿನ ಇನ್ನೊಂದು ಕೋಣೆಗೆ ಕಂಪೆನಿಯವರು ಒಬ್ಬರನ್ನು ಹಾಕಿದ್ದರು. ಭಟ್ಕಳದವರು, ಸ್ಟೋರಿನಲ್ಲಿ ಕೆಲಸ, ನನಗಿಂತ ಹಿರಿಯರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರು ನನ್ನನ್ನೂ ಭಾಯಿ ಎನ್ನುತ್ತಿದ್ದರು. ಒಳ್ಳೆ ಮನುಷ್ಯ. ಮಡಕೆ ನನ್ನ ಹೆಂಡತಿಯದು ಎಂದು ಹೇಳಿದ್ದೆ, ವಾಸನೆಯ ವಿಷಯ ಹೇಳಿರಲಿಲ್ಲ.

ರಂಜಾನ್ ತಿಂಗಳು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದರೆ ಊಟದ ಮೇಜಿನ ಮೇಲೆ ಖರ್ಜೂರ, ಸಮೋಸ, ಹಣ್ಣು, ಅವುಗಳ ನಡುವೆ ನನ್ನ ಮಡಕೆ. ಬಟ್ಟೆ ಬಿಚ್ಚಿ, ಒಳಗೆ ಹೊರಗೆ ಚೆನ್ನಾಗಿ ತೊಳೆದು, ಬಾಯಿವರೆಗೆ ನೀರು ತುಂಬಿಸಿ ಇಟ್ಟಿದ್ದರು.

"ಮಣ್ಣಿನ ಮಡ್ಕೆ ಖಾಲಿ ಇಟ್ರೆ ಹಾಳಾಗ್ತದೆ ಭಾಯಿ. ಅದಕ್ಕೆ ನೀರು ತುಂಬ್ಸಿದೆ. ನೋಡಿ ಎಷ್ಟು ಥಂಡಾ ಆಗಿ ಉಂಟು" ಎಂದರು. ಉಪವಾಸ ಬಿಡಲು ಮೊದಲ ಗುಟುಕು ನನ್ನ ಹೆಂಡತಿಯ ಮಡಕೆಯಿಂದ ಕುಡಿಯಬೇಕು, ಅದರ ಪುಣ್ಯ ಅವಳಿಗೆ ಹೋಗಬೇಕು ಎಂದು ಅವರ ಮನಸ್ಸಿನಲ್ಲಿದ್ದದ್ದು ನನಗೆ ತಿಳಿದದ್ದು ಆಮೇಲೆ. ಆಗ ನಾನು ಕೂಗಾಡಿದೆ. ಯಾರನ್ನು ಕೇಳಿ ಮುಟ್ಟಿದಿರಿ ಎಂದು, ದಿನವಿಡೀ ನೀರು ಮುಟ್ಟದ ಮನುಷ್ಯನ ಮೇಲೆ, ಉಪವಾಸ ಬಿಡುವ ಬಾಂಗಿಗೆ ಸ್ವಲ್ಪವೇ ಮುಂಚೆ. ಅವರು ಮಡಕೆ ಎತ್ತಿದರು. ಮೇಜಿನ ಮೇಲೆ ನೀರಿನ ಉಂಗುರ ಇತ್ತು. ಬೆವರಿನ ನೀರಲ್ಲ, ಹರಿದ ನೀರು. ಹಕ್ಕಿಯ ಚಿತ್ರದ ಕೆಳಗಿನಿಂದ ತಳದವರೆಗೆ ಕೂದಲೆಳೆಯಷ್ಟು ಒಂದು ಒದ್ದೆ ಗೆರೆ.

ಬಿರುಕು ಅವರು ಮಾಡಿದ್ದಲ್ಲ. ಏಸಿಯ ಒಣಗಾಳಿಯಲ್ಲಿ ವರ್ಷಗಟ್ಟಲೆ ಖಾಲಿ ಕೂತು ತಾನೇ ಬಿರಿದದ್ದು, ನೀರು ಅದನ್ನು ತೋರಿಸಿತು ಅಷ್ಟೆ. ಖಾಲಿ ಇಡಬೇಡಿ ಎಂದು ಅವಳೂ ಹೇಳಿದ್ದಳು. ನಾನು ನೀರು ಚೆಲ್ಲಿ, ಬೆರಳ ಗೆಣ್ಣಿನಿಂದ ಕುಟ್ಟಿದೆ. ಡಬ್ ಎಂದಿತು. ಮೂಗಿಟ್ಟು ನೋಡಿದೆ, ಒದ್ದೆ ಮಣ್ಣಿನ ವಾಸನೆ, ಅದರಡಿಯಲ್ಲಿ ಎಲ್ಲೋ ಒಂದಿಷ್ಟು ಹುರುಳಿ. ಇದೆಯೋ ನನ್ನ ಆಸೆಯೋ ಗೊತ್ತಾಗಲಿಲ್ಲ.

ಭಾಯಿಯ ಹತ್ತಿರ ಆ ರಾತ್ರಿಯೇ ಕ್ಷಮೆ ಕೇಳಿದೆ. "ಬಿಡಿ ಭಾಯಿ, ನನ್ನ ಹೆಂಡ್ತಿಯ ತಸ್ಬೀ ಮಣಿಸರ ಯಾರಾದ್ರೂ ಮುಟ್ಟಿದ್ರೆ ನಾನೂ ಹಾಗೇ" ಎಂದರು. ಅವರ ಹೆಂಡತಿಯೂ ಇಲ್ಲ ಎನ್ನುವುದು ನನಗೆ ಗೊತ್ತಾದದ್ದು ಆಗಲೇ.

ಪ್ಲಾಂಟಿನಲ್ಲಿ ಪೈಪಿನ ಸೋರಿಕೆಗೆ ಹಚ್ಚುವ ಅಂಟಿದೆ, ಬೇಕಾದರೆ ತಂದುಕೊಡುತ್ತೇನೆ ಎಂದ ಒಬ್ಬ ಸಹೋದ್ಯೋಗಿ. ಅದನ್ನು ಹಚ್ಚಿದರೆ ಮಡಕೆ ಶೋಕೇಸಿನ ಬೊಂಬೆ, ಒಲೆಗೆ ಮತ್ತೆ ಏರುವಂತಿಲ್ಲ. ಬಿಟ್ಟರೆ ಬಿರುಕು ಬೆಳೆಯುತ್ತದೆ. ಇದನ್ನು ಕೇಳಬೇಕಾದವಳು ಇಲ್ಲ. ಉಳಿದದ್ದು ಒಬ್ಬಳೇ, ಅದನ್ನು ಬಿಸಾಡು ಎಂದು ವಾರ ವಾರ ಹೇಳುವವಳು. ಹಬ್ಬ ಕಳೆದ ಮೇಲೆ ಒಂದು ದಿನ ನಾನೇ ಅಕ್ಕನಿಗೆ ಫೋನು ಮಾಡಿದೆ. ಮಡಕೆ ಬಿರಿದಿದೆ ಎಂದೆ.

ಒಳ್ಳೆಯದಾಯಿತು, ಇನ್ನಾದರೂ ಹೊರಗೆ ಹಾಕು ಎನ್ನುತ್ತಾಳೆ ಎಂದುಕೊಂಡಿದ್ದೆ. ಹಿಂದೆ ಅವಳ ಮನೆಯ ಟಿವಿ ಕೇಳುತ್ತಿತ್ತು, ಅದನ್ನು ಯಾರೋ ಆರಿಸಿದರು.

"ಎಷ್ಟ್ ಬಿರ್ದಿತ್?"

"ಕೂದ್ಲಿನಷ್ಟ್."

"ಹಾಂಗಾರೆ ಹೋಯ್ಲಿಲ್ಲ. ಕುಚ್ಚಲಕ್ಕಿ ಇತ್ತಾ ನಿನ್ ಹತ್ರ? ತೊಳ್ದ್ ಹಾಕ್, ನೀರ್ ಜಾಸ್ತಿ ಇಡ್. ಬೆಂಕಿ ಸಣ್ಣ ಇರ್ಲಿ, ಅಕ್ಕಿ ಕರ್ಗಿ ಅಂಟ್ ಆಯ್ಕ್. ಇಳ್ಸಿ ಅದ್ರಾಗೇ ಆರುಕ್ ಬಿಡ್, ಅಕ್ಕಿ ಗಂಜಿ ಬಿರ್ಕಿನೊಳ್ಗ್ ಹೋಯಿ ಕೂರತ್ತ್. ಉಪ್ಪ್ ಮಾತ್ರ ಹಾಕ್ಬ್ಯಾಡ, ಉಪ್ಪ್ ಮಣ್ಣನ್ನ ತಿಂತ್ತ್." ಆಮೇಲೆ, ಫೋನ್ ಇಡುವ ಮುಂಚೆ, "ಗಂಜಿ ಚೆಲ್. ಉಣ್ಬ್ಯಾಡ. ಅವ್ಳ್ ಬೇಯ್ಸಿದ್ದೆಲ್ಲ ಅದ್ರಾಗೆ ಬತ್ತ್" ಎಂದಳು.

ಮಡಕೆಯನ್ನು ಉಳಿಸುವ ಉಪಾಯವನ್ನು ಅವಳೇ ಹೇಳಿಕೊಟ್ಟಳು. ಸೋತೆ ಎಂದು ಅಕ್ಕ ಯಾರ ಹತ್ತಿರವೂ ಹೇಳುವವಳಲ್ಲ, ಹೇಳಿದ್ದು ಇಷ್ಟೇ. ನನಗೆ ಸಂತೋಷವಾಗಲಿಲ್ಲ. ಉಳಿಯುವುದು ಮಡಕೆ, ಹೋಗುವುದು ನನ್ನವಳು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹಳೆ ಕಾವಲಿಯನ್ನು ಒಲೆಯ ಮೇಲಿಟ್ಟು ಅದರ ಮೇಲೆ ಮಡಕೆ ಇಟ್ಟೆ. ಮೊದಲು ಬಿರುಕಿನಿಂದ ನೀರು ಜಿನುಗಿ ಕಾವಲಿಯ ಮೇಲೆ ಚುರ್ ಚುರ್ ಎಂದಿತು. ನಾನು ಉರಿ ಇನ್ನೂ ಸಣ್ಣ ಮಾಡಿ ಕುರ್ಚಿ ಎಳೆದುಕೊಂಡು ಕೂತೆ. ಭಾಯಿ ಜುಮ್ಮಾ ನಮಾಜಿಗೆ ಸ್ನಾನ ಮಾಡುತ್ತಿದ್ದರು. ಅಕ್ಕಿ ಉಕ್ಕಿ, ಇಳಿದು, ಮೆಲ್ಲಗೆ ಕರಗಲು ಹಿಡಿಯಿತು. ಬಿರುಕಿನ ಸದ್ದು ನಿಧಾನವಾಗಿ ನಿಂತಿತು.

ಆಗ ಬಂತು. ಮೊದಲು ಹುರುಳಿ, ಆಮೇಲೆ ತೆಂಗಿನೆಣ್ಣೆ, ಆಮೇಲೆ, ಇನ್ನಿಲ್ಲವೆಂದುಕೊಂಡಿದ್ದ ಬೆಳ್ಳುಳ್ಳಿ. ಆವಿಯ ಜೊತೆ ಎದ್ದು ಅಡಿಗೆಕೋಣೆ ತುಂಬಿ, ನಡುವಿನ ಕೋಣೆಗೆ ಬಂದು, ಮೆಟ್ಟಿಲಿನವರೆಗೂ ಹೋಯಿತು. ಇಷ್ಟು ದಿನ ನಾನು ತಟ್ಟೆಯ ಸಂದಿಯಲ್ಲಿ ಚೂರು ಚೂರು ಕದ್ದದ್ದು ಅದರ ಮೇಲ್ಪದರ ಮಾತ್ರ. ಮಣ್ಣು ಒಳಗೆ ಎಲ್ಲವನ್ನೂ ಇಟ್ಟುಕೊಂಡಿತ್ತು. ಭಾಯಿ ತೋಬು ಎನ್ನುವ ಬಿಳಿ ನಿಲುವಂಗಿ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತರು. "ಎಂತ ಅಡಿಗೆ ಭಾಯಿ, ಇಷ್ಟು ಘಮ ಘಮ?" ಎಂದವರು ನನ್ನ ಮುಖ ನೋಡಿ ಮೆಲ್ಲಗೆ ಹೊರಗಿನ ಬಾಗಿಲು ಎಳೆದುಕೊಂಡು ಹೋದರು.

ಉರಿ ಆರಿಸಿದೆ. ಅಕ್ಕ ಹೇಳಿದ ಹಾಗೆ ಅದರಲ್ಲೇ ಆರಲು ಬಿಟ್ಟೆ. ವಾಸನೆ ಎದ್ದಷ್ಟೇ ಬೇಗ ಇಳಿಯಿತು. ಏಸಿ ಅದನ್ನು ಎಳೆದುಕೊಂಡು ಹೋಗುತ್ತಿರುವುದು ಗೊತ್ತಾಗುತ್ತಿತ್ತು, ಏಸಿ ಆರಿಸಿದೆ. ಬೆವರು ಸುರಿಯಿತು, ಆದರೂ ವಾಸನೆ ನಿಲ್ಲಲಿಲ್ಲ. ಗಂಜಿ ಆರುವಷ್ಟರಲ್ಲಿ ಕೋಣೆಯಲ್ಲಿ ಉಳಿದದ್ದು ಬೆಂದ ಅಕ್ಕಿಯ ವಾಸನೆ.

ಗಂಜಿಯನ್ನು ಒಂದು ದೊಡ್ಡ ಬೋಗುಣಿಗೆ ಸುರಿದೆ. ಮಡಕೆಯ ಹೊರಮೈ ಒಣಗಿತ್ತು, ತಳದಲ್ಲಿ ಒದ್ದೆಯಿಲ್ಲ. ಗೆಣ್ಣಿನಿಂದ ಕುಟ್ಟಿದೆ. ಣಣ್ ಅಲ್ಲ, ಡಬ್ ಅಲ್ಲ, ನಡುವೆ ಏನೋ ಒಂದು. ಮೂಗಿಟ್ಟು ನೋಡಿದೆ. ಅಕ್ಕಿ, ಬರೀ ಅಕ್ಕಿ. ಯಾರೂ ಏನೂ ಬೇಯಿಸದ ಮಡಕೆಯ ಹಾಗಿತ್ತು.

ಬೋಗುಣಿ ಹಿಡಿದುಕೊಂಡು ಬೇವಿನ ಮರದ ಹತ್ತಿರ ಹೋಗಲೆಂದೇ ಎದ್ದೆ. ಗಂಜಿ ಬಿಳಿಯಾಗಿರಲಿಲ್ಲ, ಹುರುಳಿಕಟ್ಟಿನ ಕಂದು ಬಣ್ಣ ಇಳಿದಿತ್ತು. ಬಾಗಿಲವರೆಗೆ ಹೋದವನು ತಿರುಗಿ ಬಂದು ಮೇಜಿನ ಎದುರು ಕೂತೆ. ಚಮಚ ತೆಗೆದುಕೊಂಡೆ. ಭಾಯಿ ನಮಾಜಿನಿಂದ ಬರುವಾಗ ಬೋಗುಣಿಯ ತಳವನ್ನು ಬೆರಳಿನಿಂದ ಸವರುತ್ತಿದ್ದೆ. ಅವರಿಗೆ ಒಂದು ಚಮಚವನ್ನೂ ಉಳಿಸಿರಲಿಲ್ಲ.

ಸಂಜೆ ಅಕ್ಕನ ಫೋನು ಬಂತು.

"ಸೋರುದ್ ನಿಂತ್ತಾ?"

"ನಿಂತ್ತ್."

"ಗಂಜಿ ಚೆಲ್ದ್ಯಾ?"

"ಇಲ್ಲ ಅಕ್ಕ. ಉಂಡೆ."

ಬೈಯುತ್ತಾಳೆ ಎಂದು ಫೋನ್ ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ಅವಳು ಬೈಯಲಿಲ್ಲ. ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಉಪ್ಪ್ ಸಮ ಇತ್ತಾ?" ಎಂದು ಕೇಳಿದಳು.

ನಾನು ಉಪ್ಪು ಹಾಕಿರಲಿಲ್ಲ.

"ಸಮ ಇತ್ತ್ ಅಕ್ಕ" ಎಂದೆ.